ಸೈಕಲ್ಲು ಬಂತು, ನಕಾಶೆ ಬರಲಿಲ್ಲ
ಸೈಕಲ್ ಮೇಲೆ ಶ್ರೀಲಂಕಾ ಸುತ್ತುತ್ತೇನೆಂದು ನಾನು ನಕಾಶೆ ಹುಡುಕತೊಡಗಿದಾಗ, 'ನಿಮಗ್ಯಾಕ್ರೀ ಟೀಚರ್ ನಕಾಶೆ? ಯಜಮಾನರನ್ನು ಕೇಳಿದರಾಯಿತು' ಎಂದರೊಬ್ಬರು. ಸಿಟ್ಟು ಬಂತು. ಐರ್ಲೆಂಡಿನ ಡರ್ವ್ಲಾ ಮರ್ಫಿಗೆ ಹತ್ತನೇ ಹುಟ್ಟುಹಬ್ಬಕ್ಕೆ ಸಿಕ್ಕದ್ದು ಹಳೇ ಸೈಕಲ್ಲು, ಜೊತೆಗೊಂದು ಅಟ್ಲಾಸ್. 1963ರಲ್ಲಿ ಆಕೆ ಪೆಡಲ್ ತುಳಿಯುತ್ತ ಭಾರತಕ್ಕೇ ಬಂದಳು! ನಮ್ಮ ಸರಕಾರ 2006-07ರಿಂದ ಹಲವು ವರ್ಷ ಎಂಟನೇ ಇಯತ್ತೆಯ ಹುಡುಗಿಯರಿಗೆ ಸೈಕಲ್ ಹಂಚಿತು. ನಕಾಶೆ ಮಾತ್ರ ಗೋಡೆಯ ಮೇಲೇ ಉಳಿಯಿತು, ಪರೀಕ್ಷೆಗೆ ನದಿ ಗುರುತಿಸಲಿಕ್ಕೆ. ಘಟಪ್ರಭೆಯನ್ನು ಥಟ್ಟನೆ ತೋರಿಸುವ ಹುಡುಗಿಗೆ ಘೋಡಗೇರಿಯಿಂದ ಗೋಕಾಕ ಎಷ್ಟು ದೂರವೆಂದು ದಾರ ಹಿಡಿದು ಅಳೆಯಲು ಬಾರದು. ಕಲಿಸದವರು ಯಾರು? ನಾನೇ, ಇಷ್ಟು ವರ್ಷ. ಹೋದಲ್ಲೆಲ್ಲ ಯಾರನ್ನೋ ಕೇಳಿಕೊಂಡೇ ಹೋಗಲಿ ಎಂದು ಬೆಳೆಸಿದೆವು. ಈಗ ಜಾಫ್ನಾದಿಂದ ಕ್ಯಾಂಡಿಯವರೆಗೆ ರಸ್ತೆಗುಂಟ ದಾರ ಬಾಗಿಸಿ ಅಳೆದಿದ್ದೇನೆ. ಕ್ಯಾಂಡಿ ಕಡೆಯ ಏರು ದಾರಕ್ಕೆ ತಿಳಿಯದು. ಅದಕ್ಕೆ ಸಮೋನ್ನತ ರೇಖೆಗಳನ್ನೇ ಓದಬೇಕು. ಸೋಮವಾರ ಎಂಟನೇ ವರ್ಗಕ್ಕೆ ಅದೇ ಪಾಠ.