ಮಗಳು ಕಷ್ಟದಲ್ಲಿ, ಅಪ್ಪ ಇಸ್ಪೀಟಿನಲ್ಲಿ

'ದಿ ವಿಚರ್ 3' (2015) ಆಡಿದವರಿಗೆ ಈ ಪೇಚು ಗೊತ್ತು. ಸಾಕುಮಗಳು ಸಿರಿಯ ಬೆನ್ನಿಗೆ ವೈಲ್ಡ್ ಹಂಟ್ ಬಿದ್ದಿದೆ. ಗೆರಾಲ್ಟ್ ಮಾತ್ರ ಹೆಂಡದಂಗಡೀಲಿ ಕೂತು ಗ್ವೆಂಟ್ ಎಲೆ ಹಾಕ್ತಾನೆ. ಆಡಿಸೋರು ನಾವೇ! 'ಫಾಲ್‌ಔಟ್ 4'ರಲ್ಲೂ ಅಷ್ಟೇ, ಕಳೆದುಹೋದ ಮಗನನ್ನು ಬಿಟ್ಟು ಊರು ಕಟ್ಟುತ್ತಾ ಕೂರ್ತೇವೆ. ಕಥೆ ಓಡು ಅನ್ನುತ್ತೆ, ಮ್ಯಾಪ್ ಸುತ್ತಾಡು ಅನ್ನುತ್ತೆ. ಎಷ್ಟು ತಡಮಾಡಿದರೂ ಕಥೆ ಕಾಯುತ್ತೆ. ಹಾಗಾಗಿ ಆ ಅವಸರವೇ ಸುಳ್ಳು ಅನ್ನಿಸಿಬಿಡುತ್ತೆ.

ಅವಸರದ ಮುಖ್ಯ ಕ್ವೆಸ್ಟ್ ಹುಬ್ಬಳ್ಳಿ–ಬೆಂಗಳೂರು ನಡುವಿನ ವೇಗದ ರೈಲು ಇದ್ದಂಗ. ಅದರಲ್ಲಿ ಕೂತವರಿಗೆ ನಮ್ಮ ಸಂಶಿ ಬರೀ ಒಂದು ಹಳದಿ ಬೋರ್ಡು. ಪ್ಯಾಸೆಂಜರ್ ಹತ್ತಿದರಷ್ಟೇ ಊರು ಕಾಣೋದು.

ಹಾಗಂತ ಕಥೆ ಬೇಡ ಅಂತಲ್ಲ. ಗುರಿಯಿಲ್ಲದ ಸುತ್ತಾಟವೂ ಬೇಗ ಬೇಜಾರಾಗುತ್ತೆ. 'ಮಾರೋವಿಂಡ್' (2002) ಆಟದಲ್ಲಿ ಮುಖ್ಯ ಕೆಲಸ ಕೊಡುವ ಕೇಯಸ್ ಕೊಸೇಡ್ಸ್‌ನೇ, ಮೊದಲು ಹೊರಗೆ ಹೋಗಿ ಅನುಭವ ಗಳಿಸಿ ಬಾ ಅಂತ ಕಳಿಸ್ತಾನೆ. 'ಬ್ರೆತ್ ಆಫ್ ದಿ ವೈಲ್ಡ್' (2017) ಗಾನನ್‌ನನ್ನು ಸೋಲಿಸು ಅಂತ ಶುರುವಿನಲ್ಲೇ ಹೇಳುತ್ತೆ, ಯಾವಾಗ ಅನ್ನೋದನ್ನ ನಮಗೇ ಬಿಡುತ್ತೆ. ಸುತ್ತಾಡಿದಷ್ಟೂ ಬಲ ಹೆಚ್ಚುವುದರಿಂದ ಅಲ್ಲಿ ಅಲೆದಾಟವೇ ತಯಾರಿ.

ವಾರವಿಡೀ ಡೆಡ್‌ಲೈನ್ ಹಿಂದೆ ಓಡೋ ನಮಗೆ ಶನಿವಾರ ರಾತ್ರಿ ಸಿಗೋದು ಎರಡು ತಾಸು. ಅಲ್ಲೂ ಸುಳ್ಳು ಅವಸರ ಯಾಕ್ರಿ? 'ವಿಚರ್', 'ಫಾಲ್‌ಔಟ್' ಎರಡೂ ಕಥೆ ಮುಗಿದ ಮೇಲೂ ತಿರುಗಾಡೋಕೆ ಬಿಡುತ್ತವೆ. ಮೊದಲು ಮಕ್ಕಳನ್ನು ಹುಡುಕಿ, ಆಮೇಲೆ ಆರಾಮಾಗಿ ಪ್ಯಾಸೆಂಜರ್ ಹತ್ತಿ.