ಮಾರಿದ ಮಾಲು ವಾಪಸಿಲ್ಲ: ಈ ಸಾಲನ್ನು ನಮ್ಮ ಬಿಲ್ಲಿನಿಂದ ತೆಗೆಯೋಣ

ಉಮರ್ಗಾದಲ್ಲಿ ನಮ್ಮ ಉಪ್ಪನ ಚಪ್ಪಲಿ ಅಂಗಡಿ ಇದೆ. ಗಲ್ಲಾದ ಪಕ್ಕ ಕೂತು ಹೋಂವರ್ಕ್ ಮಾಡಿಯೇ ನಾನು ದೊಡ್ಡವನಾದದ್ದು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಈಗ ಉದ್ಗೀರಿನ ಬೇಳೆ ಮಿಲ್ಲೊಂದರಲ್ಲಿ ಯಂತ್ರಗಳನ್ನು ನೋಡಿಕೊಳ್ಳುತ್ತೇನೆ. ಹಾಗಾಗಿ ವ್ಯಾಪಾರದ ಕಷ್ಟವೂ ಯಂತ್ರದ ಕಷ್ಟವೂ ನನಗೆ ಸ್ವಲ್ಪ ಗೊತ್ತು. ಈ ಬರಹ ಅಂಗಡಿಯವರ ವಿರುದ್ಧ ಎಂದು ಯಾರಿಗಾದರೂ ಅನಿಸಿದರೆ, ಬರೆದವನೂ ಅಂಗಡಿಯವನ ಮಗನೇ ಎಂಬುದು ನೆನಪಿರಲಿ.

ನಮ್ಮ ಈ ಕಡೆಯ ಬೇಸಿಗೆ ಕರಾವಳಿಯವರಿಗೆ ಅಷ್ಟಾಗಿ ಗೊತ್ತಿರಲಿಕ್ಕಿಲ್ಲ. 2016ರ ಏಪ್ರಿಲಿನಲ್ಲಿ ಲಾತೂರಿಗೆ ಮಿರಜಿನಿಂದ ರೈಲಿನಲ್ಲಿ ಕುಡಿಯುವ ನೀರು ತಂದಿದ್ದರು. ನಮ್ಮ ಉಮರ್ಗಾ ಅದರ ಪಕ್ಕದ ಧಾರಾಶಿವ ಜಿಲ್ಲೆಯಲ್ಲಿದೆ. ನಳ್ಳಿಯಲ್ಲಿ ನೀರು ಬಂದಾಗ ಸಂಪ್ ತುಂಬಿಸಿ, ಅದನ್ನು ಮಾಳಿಗೆಯ ಟಾಂಕಿಗೆ ಏರಿಸಿಕೊಂಡರೆ ಮನೆ ನಡೆಯುತ್ತದೆ. ಮನೆ ರಿಪೇರಿ ಮಾಡಿಸುವಾಗ ಅದಕ್ಕೆಂದೇ ಉದ್ಗೀರಿನ ಅಂಗಡಿಯೊಂದರಿಂದ ಅರ್ಧ ಎಚ್‌ಪಿ ಪಂಪು ತಂದೆ. ಬಿಲ್ಲು ಬೇಡವೆಂದರೆ ರೇಟು ಕಡಿಮೆ ಎಂದರು. ನಾನು ಬಿಲ್ಲು ಕೇಳಿ ಪಡೆದೆ. ಮುಂದೆ ನನ್ನ ಕೈ ಹಿಡಿದದ್ದು ಅದೊಂದೇ ಬುದ್ಧಿ.

ಎರಡನೇ ದಿನವೇ ಪಂಪಿನ ಶಾಫ್ಟಿನ ಬುಡದಲ್ಲಿ ನೀರು ಸೋರತೊಡಗಿತು. ನಾಲ್ಕನೇ ದಿನ ಒಳಗೆ ಏನೋ ಉಜ್ಜುವ ಸದ್ದು. ಮೊಬೈಲಿನಲ್ಲಿ ವೀಡಿಯೊ ಮಾಡಿಕೊಂಡು ಅಂಗಡಿಗೆ ಹೋದೆ. ಮಾಲೀಕರು ವೀಡಿಯೊ ನೋಡಲಿಲ್ಲ. ಬಿಲ್ಲನ್ನು ತಿರುಗಿಸಿ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟರು: 'ವಿಕಲೇಲಾ ಮಾಲ್ ಪರತ್ ಘೇತಲಾ ಜಾಣಾರ್ ನಾಹಿ.' ಮಾರಿದ ಮಾಲು ವಾಪಸ್ ಇಲ್ಲ. ಏನಿದ್ದರೂ ಕಂಪನಿಗೆ ಫೋನ್ ಮಾಡಿ ಎಂದರು.

ಕಂಪನಿಗೆ ಫೋನ್ ಮಾಡಿದೆ. ನಮ್ಮ ಏರಿಯಾದ ಮೆಕ್ಯಾನಿಕ್ ನಿಲಂಗಾದಲ್ಲಿ ಇದ್ದಾರೆ ಎಂದರು. ನಿಲಂಗಾದವರು, ಪಂಪು ಇರುವುದು ಧಾರಾಶಿವ ಜಿಲ್ಲೆಯಲ್ಲಿ, ನನ್ನದು ಲಾತೂರು ಜಿಲ್ಲೆ, ನಾನು ಬರುವುದಿಲ್ಲ ಎಂದರು. ಕೊನೆಗೆ ನಾನೇ ಪಂಪು ಬಿಚ್ಚಿ, ಗೋಣಿಚೀಲಕ್ಕೆ ಹಾಕಿ, ಬಸ್ಸಿನಲ್ಲಿ ನಿಲಂಗಾಕ್ಕೆ ಒಯ್ದೆ. ಅವರು ಹೊರಗಿನಿಂದ ಒಮ್ಮೆ ನೋಡಿ ಚೀಟಿಯಲ್ಲಿ 'ಡ್ರೈ ರನ್' ಎಂದು ಬರೆದರು. ಅಂದರೆ ನೀರಿಲ್ಲದೆ ಓಡಿಸಿದ್ದೀರಿ, ತಪ್ಪು ನಿಮ್ಮದು, ವಾರಂಟಿ ಸಿಗುವುದಿಲ್ಲ.

ಇಲ್ಲಿ ನನ್ನ ಡಿಪ್ಲೊಮಾ ಎದ್ದು ಕೂತಿತು. ನೀರಿಲ್ಲದೆ ಓಡಿದ ಪಂಪಿನಲ್ಲಿ ಮೆಕ್ಯಾನಿಕಲ್ ಸೀಲ್ ಕಾದು ಬಿರುಕು ಬಿಡುತ್ತದೆ, ಅದರ ರಬ್ಬರ್ ಸುಡುತ್ತದೆ. ಶಾಫ್ಟ್ ಸೊಟ್ಟಗಿದ್ದರೆ ಸೀಲ್ ಒಂದೇ ಬದಿ ಸವೆಯುತ್ತದೆ. ಕೆಲವು ಬೋಲ್ಟ್ ಬಿಚ್ಚಿದರೆ ಯಾವುದೆಂದು ಕಣ್ಣಿಗೇ ಕಾಣುತ್ತದೆ. ತೆರೆದು ನೋಡಿ ಎಂದೆ, ಅವರು ತೆರೆಯಲಿಲ್ಲ. ನಾನೇ ತೆರೆಯುತ್ತೇನೆ ಎಂದರೆ, ತೆರೆದರೆ ವಾರಂಟಿ ಹೋಗುತ್ತದೆ ಎಂದರು. ತೆರೆದರೆ ಹಕ್ಕು ಹೋಯಿತು, ತೆರೆಯದಿದ್ದರೆ ಸಾಕ್ಷಿ ಇಲ್ಲ. ಮಿಲ್ಲಿನಲ್ಲಿ ನಾನು ಯಂತ್ರ ತೆರೆಯದೆ ಕಾರಣ ಬರೆದುಕೊಟ್ಟರೆ ಮಾರನೇ ದಿನ ನನಗೆ ಕೆಲಸ ಇರುವುದಿಲ್ಲ.

ಈ ಓಡಾಟದಲ್ಲಿ ಹತ್ತೊಂಬತ್ತು ದಿನ ಕಳೆಯಿತು. ನಾನು ಉದ್ಗೀರಿನಲ್ಲಿ, ಉಪ್ಪ ಅಂಗಡಿಯಲ್ಲಿ. ಮಂಡಿನೋವಿನ ನಮ್ಮ ಉಮ್ಮ ಸಂಪಿನಿಂದ ಕೊಡಪಾನದಲ್ಲಿ ನೀರು ಸೇದಿ ಮೆಟ್ಟಿಲು ಹತ್ತಿದರು. ಒಂದು ಪಂಪಿನ ಬೆಲೆ ಬಿಲ್ಲಿನಲ್ಲಿರುವಷ್ಟೇ ಅಲ್ಲ ಎಂದು ಆಗ ತಿಳಿಯಿತು.

ಇನ್ನು ಕಾನೂನು. ಆ ಸಾಲಿಗೆ ಬೆಲೆಯೇ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷವಿರುವ ಸರಕನ್ನು ವಾಪಸ್ ಪಡೆಯದಿರುವುದು, ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ ಹಣ ಮರಳಿಸದಿರುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲು ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ಏರಿಯಾದ ಆಟವೂ ನಡೆಯುವುದಿಲ್ಲ. ನೀವು ವಾಸವಿರುವ ಅಥವಾ ಕೆಲಸ ಮಾಡುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರೇ ಬೇಕೆಂದಿಲ್ಲ, ಎರಡು ವರ್ಷದೊಳಗೆ ಕೊಟ್ಟರಾಯಿತು. ತೆರೆಯದೆ ಗೊತ್ತಾಗದ ದೋಷವಿದ್ದರೆ ಆಯೋಗವೇ ಮಾಲನ್ನು ಪ್ರಯೋಗಾಲಯಕ್ಕೆ ಕಳಿಸಿ ವರದಿ ತರಿಸುತ್ತದೆ. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ನಾನು ಅಲ್ಲಿ ದೂರು ಬರೆಸಿದೆ. ಬಿಲ್ಲಿನ ಪ್ರತಿ ಮತ್ತು ವೀಡಿಯೊ ಜೊತೆ ಅಂಗಡಿಗೂ ಕಂಪನಿಗೂ ನೋಟಿಸ್ ಕಳಿಸಿದೆ. ಆಮೇಲೆ ಹೊಸ ಪಂಪು ಬಂತು. 'ಡ್ರೈ ರನ್' ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಹೊಸ ಪಂಪು ಕೂರಿಸಿದ ದಿನ ಉಪ್ಪನ ಅಂಗಡಿಗೆ ಹೋಗಿ ಬಿಲ್ ಬುಕ್ ತೆರೆದೆ. ಕೆಳಗೆ ಅದೇ ಸಾಲು! ಇಷ್ಟು ವರ್ಷ ಅದರ ಮೇಲೆಯೇ ಲೆಕ್ಕ ಬರೆದಿದ್ದೆ, ಒಮ್ಮೆಯೂ ಓದಿರಲಿಲ್ಲ.

ಉಪ್ಪನಿಗೆ ಹೇಳಿದಾಗ ಸಿಟ್ಟು ಬಂತು. "ಆರು ತಿಂಗಳು ಹಾಕಿ ಹರಿದ ಚಪ್ಪಲಿ ತಂದರೆ ವಾಪಸ್ ಕೊಡಬೇಕಾ? ಡಿಸ್ಟ್ರಿಬ್ಯೂಟರ್ ನನ್ನಿಂದ ವಾಪಸ್ ತೆಗೆದುಕೊಳ್ಳುತ್ತಾನಾ?" ಎಂದರು. ಮೊದಲನೆಯದಕ್ಕೆ ಉತ್ತರ ಸುಲಭ. ಸವೆದದ್ದು ಬೇರೆ, ಕೆಟ್ಟೇ ಬಂದದ್ದು ಬೇರೆ. ಮೊದಲ ವಾರ ಅಂಟು ಬಿಟ್ಟ ಚಪ್ಪಲಿ ಗಿರಾಕಿಯ ತಪ್ಪಲ್ಲ. ಎರಡನೆಯ ಪ್ರಶ್ನೆ ನಿಜವಾದದ್ದು. ಮೇಲಿನವರು ಸಣ್ಣ ಅಂಗಡಿಯವನನ್ನು ಹಿಂಡುತ್ತಾರೆ, ಅವನು ಆ ನಷ್ಟವನ್ನು ಗಿರಾಕಿಯ ತಲೆಗೆ ಕಟ್ಟುತ್ತಾನೆ. ಆದರೆ ಕಾಯ್ದೆ ತಯಾರಕನನ್ನೂ ಹಿಡಿಯುತ್ತದೆ. ಜಗಳ ಆಡುವುದಾದರೆ ಮೇಲಿನವರ ಜೊತೆ ಆಡಬೇಕು. ಗೋಣಿಚೀಲ ಹೊತ್ತು ಬಂದವನ ಜೊತೆ ಅಲ್ಲ.

ಬ್ಯಾರಿ ಎಂಬ ನಮ್ಮ ಹೆಸರೇ ತುಳುವಿನ 'ಬ್ಯಾರ', ಅಂದರೆ ವ್ಯಾಪಾರದಿಂದ ಬಂತು ಎನ್ನುವವರಿದ್ದಾರೆ. ಧಾನ್ಯದ ರಾಶಿಯೊಳಗೆ ಪ್ರವಾದಿಯವರ (ಸ) ಕೈಗೆ ಒದ್ದೆ ತಗಲಿದ ಪ್ರಸಂಗ ಮದ್ರಸದಲ್ಲಿ ನಾವೆಲ್ಲ ಕೇಳಿದವರೇ. ದೋಷ ಕಂಡರೆ ಸರಕು ಮರಳಿಸುವ ಹಕ್ಕಿಗೆ ಫಿಕ್ಹ್‌ನಲ್ಲಿ 'ಖಿಯಾರುಲ್ ಐಬ್' ಎಂಬ ಹೆಸರೂ ಇದೆ. ಗಲ್ಲಾದ ಮೇಲೆ 'ಬಿಸ್ಮಿಲ್ಲಾ' ಅಂಟಿಸಿ, ಬಿಲ್ಲಿನ ಅಡಿಯಲ್ಲಿ ಈ ಸಾಲು ಹಾಕಿದರೆ ಎರಡರಲ್ಲಿ ಯಾವುದನ್ನು ಗಿರಾಕಿ ನಂಬಬೇಕು?

ಕೊಳ್ಳುವಾಗ ನೂರಿನ್ನೂರು ಉಳಿಸಲು ಬಿಲ್ಲು ಬಿಡಬೇಡಿ. ಮೋಸ ಹೋದಾಗ 'ಹೋಗಲಿ ಬಿಡು' ಎನ್ನಬೇಡಿ. ಮನೆಯಲ್ಲಿ ಅದರ ಭಾರ ಹೊರುವವರು ಬೇರೆಯೇ ಇರುತ್ತಾರೆ. ಅಂಗಡಿ ಇರುವವರು ಮುಂದಿನ ಬಿಲ್ ಬುಕ್ ಅಚ್ಚು ಮಾಡಿಸುವಾಗ ಆ ಸಾಲು ತೆಗೆಸಿ, 'ಕೆಟ್ಟ ಮಾಲು ಇಷ್ಟು ದಿನದೊಳಗೆ ತಂದರೆ ಬದಲಿಸಿ ಕೊಡುತ್ತೇವೆ' ಎಂದು ಹಾಕಿಸಿ.

ಉಪ್ಪ ಇನ್ನೂ ಒಪ್ಪಿಲ್ಲ. "ಎರಡು ಬುಕ್ ಬಾಕಿ ಇದೆ, ಅದು ಮುಗಿಯಲಿ, ನೋಡೋಣ" ಎಂದಿದ್ದಾರೆ. ಮುಗಿದ ದಿನ ಪ್ರೆಸ್ಸಿಗೆ ಹೋಗುವವನು ನಾನೇ.