ಒಲೆಯನ್ನು ಮೊದಲೇ ಹೂಡಿರಬೇಕು

ಕಳೆದ ರಾಜ್ಯೋತ್ಸವದ ನಾಟಕಕ್ಕೆ ಆಸನ ಕಾಯ್ದಿರಿಸಲು ಹೋಗಿ, ಸುಮಾರು ಒಂದು ಗಂಟೆ ಬಿಳಿಯ ಪರದೆಯನ್ನೇ ನೋಡುತ್ತ ಕುಳಿತ ವಾಚಕರು ನಮ್ಮನ್ನು ಮನಸಾರೆ ಬೈದಿರಬೇಕು. ಬೈದುದು ನ್ಯಾಯವೇ. ಆ ರಾತ್ರಿ ನಡೆದುದೇನೆಂಬುದನ್ನು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುವುದು ನಮಗೆ ಉಳಿದಿರುವ ಕೆಲಸ.

ಸಂಘದ ಕಚೇರಿಯಲ್ಲಿರುವುದು ಒಂದೇ ಕಂಪ್ಯೂಟರು. ಆದರೆ ಪುಣೆಯ ಹಳೆಯ ವಾಡೆಯೊಂದರಲ್ಲಿ ಮೂರು ಬಿಡಾರಗಳಿರುವಂತೆ, ಅದರೊಳಗೆ ಮೂರು ವರ್ಚುವಲ್ ಮೆಷೀನುಗಳಿವೆ. ಒಂದರಲ್ಲಿ ಸದಸ್ಯರ ವಿಳಾಸ, ಇನ್ನೊಂದರಲ್ಲಿ ಹಳೆಯ ಸಂಚಿಕೆಗಳು, ಮೂರನೆಯದರಲ್ಲಿ ಟಿಕೆಟ್ಟು. ಪ್ರತಿಯೊಂದೂ ಇಡೀ ಮನೆ ತನ್ನದೇ ಎಂದು ತಿಳಿದಿರುತ್ತದೆ. ಈ ಉಪಾಯ ಹೊಸದೇನೂ ಅಲ್ಲ. ಐಬಿಎಂ ಕಂಪನಿ ತನ್ನ ದೊಡ್ಡ ಯಂತ್ರಗಳಿಗಾಗಿ ವಿಎಂ/370 ಎಂಬುದನ್ನು ಹೊರತಂದುದು 1972ರಲ್ಲಿ. ನಾವು ಬಳಸುವ ಕೆವಿಎಂ, ಲಿನಕ್ಸಿನೊಳಗೆ ಸೇರಿದ್ದು 2007ರಲ್ಲಿ.

ಬಿಡಾರಕ್ಕೆ ಇಷ್ಟು ಒಲೆ ಎಂದು ಹಂಚಿಕೊಡುವಂತೆ, ಪ್ರತಿ ಮೆಷೀನಿಗೂ ಇಷ್ಟು ಪ್ರೊಸೆಸರ್ ಎಂದು ಹಂಚಿಕೊಡುತ್ತಾರೆ. ಟಿಕೆಟ್ಟಿನ ಬಿಡಾರಕ್ಕೆ ಇದ್ದುವು ಎರಡು. ಇದನ್ನೆಲ್ಲ ಏರ್ಪಡಿಸಿದ ತರುಣನಿಗೆ ಜೂನ್ ತಿಂಗಳಲ್ಲಿ ಚೆನ್ನೈಗೆ ವರ್ಗವಾಯಿತು. ಹೋಗುವಾಗ ಒಂದು ಹಾಳೆ ಬರೆದಿಟ್ಟು ಹೋಗಿದ್ದ: ‘ವೇಗ ಸಾಲದಿದ್ದರೆ ವಿರ್ಶ್ ಸೆಟ್‌ವಿಸಿಪಿಯುಸ್ ಆಜ್ಞೆಗೆ 4 ಎಂದು ಕೊಟ್ಟು, ಲೈವ್ ಎಂದು ಸೇರಿಸಿ. ಯಂತ್ರ ನಿಲ್ಲಿಸಬೇಕಾಗಿಲ್ಲ.’

ಬುಕಿಂಗ್ ತೆರೆದ ಹತ್ತೇ ನಿಮಿಷಕ್ಕೆ ಯಂತ್ರ ಏದುಸಿರು ಬಿಡತೊಡಗಿತು. ನಾವು ಹಾಳೆ ನೋಡಿ ಆಜ್ಞೆ ಕೊಟ್ಟೆವು. ನಿರಾಕರಣೆ! ಕೇಳಿದ್ದು ನಾಲ್ಕು, ಅನುಮತಿಸಿದ ಗರಿಷ್ಠ ಎರಡು ಎಂದಿತು. ಉರಿಯುವ ಮನೆಯಲ್ಲಿ ಹೊಸ ಒಲೆ ಹೂಡುವಂತಿಲ್ಲ. ಮೊದಲೇ ಹೂಡಿದ್ದರೆ ಮಾತ್ರ ಊಟದ ನಡುವೆ ಇನ್ನೊಂದಕ್ಕೆ ಬೆಂಕಿ ಹಾಕಬಹುದು. ಗರಿಷ್ಠ ಸಂಖ್ಯೆಯನ್ನು ಮ್ಯಾಕ್ಸಿಮಮ್, ಕಾನ್ಫಿಗ್ ಎಂಬ ಎರಡು ಸೂಚನೆಗಳೊಡನೆ ಬರೆದು, ಮೆಷೀನನ್ನು ಪೂರ್ತಿ ಆರಿಸಿ ಹೊತ್ತಿಸಬೇಕು. ಆ ಹುಡುಗನಿಗೆ ಇದು ಉಸಿರಾಟದಷ್ಟು ಸಹಜವಾದುದರಿಂದ ಬರೆಯಲಿಲ್ಲ. ನಾವು ಗರಿಷ್ಠವನ್ನು ಎಂಟು ಮಾಡಿ ಆರಿಸಿದೆವು. ಆಗ ಅರ್ಧ ಬುಕಿಂಗ್ ಮಾಡಿದ್ದವರ ಆಸನಗಳು ಹೋದುವು.

ಮತ್ತೆ ಹೊತ್ತಿಸಿ ನಾಲ್ಕು ಕೊಟ್ಟೆವು. ಹೊರಗಿನ ಲೆಕ್ಕದಲ್ಲಿ ನಾಲ್ಕು ಬಂತು. ಒಳಗೆ ಹೋಗಿ ಎನ್‌ಪ್ರಾಕ್ ಎಂದು ಕೇಳಿದರೆ ಎರಡೇ! ಕೆಲವು ಲಿನಕ್ಸುಗಳು ಹೊಸ ಪ್ರೊಸೆಸರನ್ನು ತಾವಾಗಿಯೇ ಬಳಕೆಗೆ ತೆಗೆದುಕೊಳ್ಳುತ್ತವೆ, ಕೆಲವು ತೆಗೆದುಕೊಳ್ಳುವುದಿಲ್ಲ. ನಮ್ಮದು ಎರಡನೆಯ ಜಾತಿ. ಹೊಸ ಎರಡರ ‘ಆನ್‌ಲೈನ್’ ಕಡತಗಳಲ್ಲಿ 1 ಎಂದು ಬರೆದ ಮೇಲೆ ಎಚ್ಚೆತ್ತುವು. ಅಷ್ಟಾದರೂ ಟಿಕೆಟ್ಟಿನ ಪ್ರೋಗ್ರಾಮು ತಾನು ಹುಟ್ಟುವಾಗ ಕಂಡ ಎರಡನ್ನೇ ನಂಬಿ ಕುಳಿತಿತ್ತು. ಅದನ್ನೂ ಒಮ್ಮೆ ನಿಲ್ಲಿಸಿ ಎಬ್ಬಿಸಬೇಕಾಯಿತು. ಮರುವಾರ ಕರೆಂಟು ಹೋಗಿ ಬಂದಾಗ ಮತ್ತೆ ಎರಡಕ್ಕೇ ಇಳಿದಿತ್ತು. ಲೈವ್ ಎಂದು ಕೊಟ್ಟುದು ಓಡುತ್ತಿರುವಷ್ಟು ಕಾಲಕ್ಕೆ ಮಾತ್ರ. ಉಳಿಯಬೇಕಾದರೆ ಕಾನ್ಫಿಗ್ ಎಂದೂ ಕೊಡಬೇಕು.

ಇಷ್ಟನ್ನೂ ಸೇರಿಸಿ ಹೊಸ ಹಾಳೆ ಬರೆದೆವು. ಬರೆದವನು ತಾನೇ ಓದಿದರೆ ತಪ್ಪು ಕಾಣುವುದಿಲ್ಲವೆಂದು, ಲಿನಕ್ಸಿನ ಗಂಧವಿಲ್ಲದ ನಮ್ಮ ಖಜಾಂಚಿ ಕಾಕೂ ಅವರನ್ನು ಒಂದು ಭಾನುವಾರ ಯಂತ್ರದ ಮುಂದೆ ಕೂರಿಸಿದೆವು. ಬಾಯಿ ತೆರೆಯುವುದಿಲ್ಲವೆಂದು ಮಾತು ಕೊಟ್ಟಿದ್ದೆವು, ಕಷ್ಟವಾಯಿತು. ಎರಡನೆಯ ಸಾಲಿಗೇ ಕಾಕೂ ಕನ್ನಡಕ ತೆಗೆದರು. “ಅಲ್ರೀ, ಎರಡಕ್ಕ ನಾಲ್ಕು ಕೂಡಿಸಿದ್ರ ಆರು ಆಗಬೇಕಲ್ಲ?”

ನಾವು ‘ನಾಲ್ಕು ಸೇರಿಸಿ’ ಎಂದು ಬರೆದಿದ್ದೆವು. ಆಜ್ಞೆಯಲ್ಲಿ ಕೊಡುವುದು ಸೇರಿಸುವ ಸಂಖ್ಯೆಯಲ್ಲ, ಒಟ್ಟು ಸಂಖ್ಯೆ. ಆಮೇಲೆ, “ಇದನ್ನ ಯಾವ ಕಿಟಕ್ಯಾಗ ಬರೀಬೇಕು?” ಎಂದರು. ವಾಡೆಯ ಯಜಮಾನನಿಗೆ ಹೇಳುವ ಮಾತು, ಬಿಡಾರದೊಳಗೆ ಹೇಳುವ ಮಾತು ಬೇರೆ ಬೇರೆ ಎಂಬುದು ಹಾಳೆಯಲ್ಲಿ ಎಲ್ಲಿಯೂ ಇರಲಿಲ್ಲ. ಪ್ರತಿ ಸಾಲಿನ ಮುಂದೆ ‘ಹೊರಗೆ’, ‘ಒಳಗೆ’ ಎಂದು ಕೆಂಪು ಶಾಯಿಯಲ್ಲಿ ಬರೆದೆವು. ಸಾಲು ಸರಿಯಾಗಿ ನಡೆದರೆ ಏನು ಕಾಣಬೇಕು, ನಡೆಯದಿದ್ದರೆ ಏನು ಕಾಣುತ್ತದೆ ಎಂಬುದನ್ನೂ ಅವರೇ ಕೇಳಿ ಕೇಳಿ ಬರೆಯಿಸಿದರು.

ಪ್ರತಿಯೊಂದನ್ನು ಚೆನ್ನೈಗೂ ಕಳುಹಿದೆವು. ತರುಣ ಒಂದೇ ತಿದ್ದುಪಡಿ ಹಾಕಿದ: ಕಂಪ್ಯೂಟರಿನಲ್ಲಿ ನಿಜವಾಗಿ ಇರುವುದು ಎಂಟೇ ಕೋರ್, ಮೂರು ಬಿಡಾರಗಳಿಗೂ ಕೈಬಿಚ್ಚಿ ಹಂಚಿದರೆ ಎಲ್ಲವೂ ನಿಧಾನವಾಗುತ್ತವೆ. ಅದನ್ನೂ ಸೇರಿಸಿ, ತಾರೀಖು ಹಾಕಿ, ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿದ್ದೇವೆ.

ಯುಗಾದಿಯ ಸಂಗೀತಕ್ಕೆ ಬುಕಿಂಗ್ ತೆರೆದ ದಿನ ನಾವು ಮದುವೆಗೆಂದು ಸೊಲ್ಲಾಪುರದಲ್ಲಿದ್ದೆವು. ಪಂಕ್ತಿಯಲ್ಲಿ ಕುಳಿತಿದ್ದಾಗ ಕಾಕೂ ಅವರ ಫೋನು ಬಂತು. ನಮಗೆ ತುತ್ತು ಗಂಟಲಲ್ಲೇ ನಿಂತಿತು. “ಏನಿಲ್ಲ, ನಾಲ್ಕು ಮಾಡೀನಿ, ಒಳಗೂ ನಾಲ್ಕ ತೋರಸ್ತದ. ನೀವು ಉಣ್ರಿ,” ಎಂದು ಇಟ್ಟುಬಿಟ್ಟರು.